ಮೆಲುದನಿಯ ಮೇಲೆ ಇಷ್ಟೇಕೆ ಮುನಿಸು?

ಹೆಣ್ಣು ಗಟ್ಟಿಯಾಗಿ ಮಾತಾಡಿದರೆ 'ಇಷ್ಟು ದೊಡ್ಡ ಬಾಯಿಯೇ!' ಎನ್ನುವ ಜನ ನಾವು. ಅದೇ ಹೆಣ್ಣು ಹಾಡಲು ನಿಂತರೆ ಅವಳ ಮೆಲುದನಿ ಮಾತ್ರ ಯಾರಿಗೂ ಬೇಡ! ಹಾಡುಗಳನ್ನು ಧ್ವನಿಮುದ್ರಿಸುವ ಸ್ಟುಡಿಯೋಗಳಲ್ಲಿ ಇಂದು ದನಿಯ ಏರಿಳಿತವನ್ನೆಲ್ಲ ಸಪಾಟು ಮಾಡುವ ಚಾಳಿ ಬೆಳೆದಿದೆ. ಅದಕ್ಕೆ ಬಳಸುವ ಸಾಧನಗಳು ಕಂಪ್ರೆಸರ್ ಮತ್ತು ಲಿಮಿಟರ್. ನಮ್ಮ ಫ್ರಿಜ್ಜಿನ ಕಂಪ್ರೆಸರಿಗೂ ಇದಕ್ಕೂ ಸಂಬಂಧವಿಲ್ಲ.

ಇವು ಮಾಡುವ ಕೆಲಸ ಸರಳ. ದನಿಗೆ ಒಂದು ಗೆರೆ ಹಾಕುತ್ತಾರೆ. ಗೆರೆ ದಾಟಿದ್ದನ್ನು ಕಂಪ್ರೆಸರ್ ತಗ್ಗಿಸುತ್ತದೆ. ನಾಲ್ಕಕ್ಕೆ ಒಂದರಂತೆ ಇಟ್ಟರೆ, ಗೆರೆಯಾಚೆ 4 ಡೆಸಿಬಲ್ ಏರಿದ ದನಿ 1 ಡೆಸಿಬಲ್ ಮಾತ್ರ ಏರಿದಂತಾಗುತ್ತದೆ. ಲಿಮಿಟರ್ ಇನ್ನೂ ಕಟ್ಟುನಿಟ್ಟು. ಗೆರೆ ದಾಟಲು ಬಿಡುವುದೇ ಇಲ್ಲ. ಹೀಗೆ ಏರನ್ನು ಸವರಿದ ಮೇಲೆ ಇಡೀ ಹಾಡಿನ ಮಟ್ಟವನ್ನು ಹೆಚ್ಚಿಸುತ್ತಾರೆ. ಅತಿಯಾಗಿ ಮಾಡಿದರೆ ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ.

ಇಂಥ ಯಂತ್ರಗಳು ಹುಟ್ಟಿದ್ದು ಇದಕ್ಕಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೈನ್ ನಾರ್ಮಾ ಎಂಬ ಎಂಜಿನಿಯರ್ ರೂಪಿಸಿದ ಫೇರ್‌ಚೈಲ್ಡ್ 670 ಎಂಬ ಲಿಮಿಟರಿನೊಳಗೆ 20 ವಾಲ್ವುಗಳಿದ್ದವು. ತೂಕ ಸುಮಾರು 30 ಕಿಲೋ. ಗ್ರಾಮಫೋನ್ ತಟ್ಟೆ ಕೊರೆಯುವಾಗ ದನಿ ಹಠಾತ್ತನೆ ಏರಿದರೆ ಗೀರು ಕೆಡುತ್ತಿತ್ತು, ಕೇಳುವವರ ಮನೆಯಲ್ಲಿ ಮುಳ್ಳು ಹಾರುತ್ತಿತ್ತು. ಅದನ್ನು ತಡೆಯುವುದು ಇದರ ಕೆಲಸ. ಇದರ ಜೊತೆಯದೇ ಆದ 660 ಎಂಬ ಮಾದರಿಯನ್ನು 1960ರ ದಶಕದಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದವರು ಬೀಟಲ್ಸ್ ತಂಡದ ಹಾಡುಗಳಿಗೂ ಬಳಸಿದರು. ಈಗ ಅಂಥ ಹಳೆಯ ಯಂತ್ರಗಳ ನಕಲು ಕಂಪ್ಯೂಟರಿನೊಳಗೆ ಬಂದಿದೆ, ಪ್ಲಗಿನ್ ಎನ್ನುತ್ತಾರೆ. ಪರದೆಯ ಮೇಲೆ ಅದೇ ಹಳೆಯ ಗುಂಡಿಗಳು, ಅದೇ ನಡುಗುವ ಮುಳ್ಳು. ಕೊರೆಯಲು ತಟ್ಟೆಯೇ ಇಲ್ಲದ ಕಡೆಯಲ್ಲೂ ಹಿಸುಕುವುದು ಮಾತ್ರ ಮೊದಲಿಗಿಂತ ಹೆಚ್ಚು!

ಕಳೆದ ವರ್ಷ ನಮ್ಮ ಶಾಲೆಯ ಹೆಣ್ಣುಮಕ್ಕಳ ಹಾಡುಗಳನ್ನು ಊರಿನ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನಜ್ಜಿಯಿಂದ ಕಲಿತ ಜೋಗುಳ ಹಾಡಿದಳು. ಕೊನೆಯ ಸಾಲಿಗೆ ಬರುವಾಗ ಮಗು ಮಲಗಿತೆಂಬಂತೆ ದನಿ ಇಳಿಸಿದಳು; ನಾನು ಹೇಳಿಕೊಟ್ಟದ್ದಲ್ಲ. ಹುಡುಗ ಪ್ಲಗಿನ್ ಹಾಕಿ, "ವಿಂಟೇಜ್ ಮೇಡಂ, ವಾಲ್ವಿನ ಸೌಂಡು, ಕೇಳಿ" ಎಂದ. ಕೇಳಿದೆ. ಕೊನೆಯ ಸಾಲು ಮೊದಲ ಸಾಲಿನಷ್ಟೇ ಗಟ್ಟಿ! ಅವಳು ಉಸಿರೆಳೆದುಕೊಂಡದ್ದು ಹಾಡಿಗಿಂತ ಮುಂದೆ ಕೇಳುತ್ತಿತ್ತು. ಮಲಗಿದ ಮಗು ಎದ್ದು ಕೂರಬೇಕು. "ಸ್ವಲ್ಪ ಕಡಿಮೆ ಮಾಡಪ್ಪಾ" ಎಂದರೆ, "ಪಂಚ್ ಇರಲ್ಲ ಮೇಡಂ" ಎಂಬ ಉತ್ತರ. ಜೋಗುಳಕ್ಕೆ ಪಂಚ್ ಏಕೆ ಬೇಕು ಎಂಬ ನನ್ನ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಕಂಪ್ರೆಸರೇ ಬೇಡವೆಂಬ ವಾದ ನನ್ನದಲ್ಲ. ನಾವು ಹಾಡು ಕೇಳುವುದು ಕುಕ್ಕರಿನ ಸೀಟಿಯ ನಡುವೆ, ಬಸ್ಸಿನ ಗದ್ದಲದಲ್ಲಿ. ತೀರ ಮೆಲ್ಲಗಿನ ಸಾಲು ಅಲ್ಲಿ ಮುಳುಗಿಹೋಗುತ್ತದೆ. ಹದವಾಗಿ ಸರಿದೂಗಿಸಲಿ. ಆದರೆ ಹದ ಬೇರೆ, ಕೋಸಂಬರಿಯನ್ನು ಮಿಕ್ಸಿಗೆ ಹಾಕಿ ರುಬ್ಬುವುದೇ ಬೇರೆ.

ಗಟ್ಟಿಯಿದ್ದರಷ್ಟೇ ಜನ ಕೇಳುತ್ತಾರೆ ಎನ್ನುವವರಿಗೆ ಒಂದು ಮಾತು. 2008ರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ರಾಕ್ ತಂಡದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ, ಅತಿಯಾಗಿ ಹಿಸುಕಿ ದನಿ ಕೆಡಿಸಿದ್ದೀರಿ ಎಂದು ದೂರಿ ಸಹಿ ಸಂಗ್ರಹಿಸಿದವರು ಅದರ ಅಭಿಮಾನಿಗಳೇ. ಅಬ್ಬರವೇ ಬದುಕಾದ ಸಂಗೀತದವರಿಗೂ ಅದು ಬೇಡವಾಯಿತು! ಸಾಲದೆಂಬಂತೆ, ಸ್ಪಾಟಿಫೈ, ಯೂಟ್ಯೂಬ್‌ನಂಥವು ಅತಿ ಗಟ್ಟಿಯಾದ ಹಾಡನ್ನು ಸಾಮಾನ್ಯವಾಗಿ ತಾವೇ ತಗ್ಗಿಸಿ ಕೇಳಿಸುತ್ತವೆ. ಗಟ್ಟಿತನವೂ ಉಳಿಯಲಿಲ್ಲ, ಏರಿಳಿತವೂ ಉಳಿಯಲಿಲ್ಲ. ಯಾರಿಗಾಯಿತು ಲಾಭ?

ಇದು ತಾಂತ್ರಿಕರ ವಿಷಯ, ನಮಗೇಕೆ ಎನ್ನಬೇಡಿ. ನಿಮ್ಮ ಮಹಿಳಾ ಮಂಡಳಿಯ ಭಜನೆಯನ್ನೋ ಮಗಳ ಭಾವಗೀತೆಯನ್ನೋ ಧ್ವನಿಮುದ್ರಿಸಲು ಹೋದಾಗ ಒಂದು ಕೆಲಸ ಮಾಡಿ. ಪ್ಲಗಿನ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿಸಲು ಹೇಳಿ. ಆದರೆ ಎರಡೂ ಒಂದೇ ಮಟ್ಟದಲ್ಲಿರಲಿ ಎಂದು ಪಟ್ಟು ಹಿಡಿಯಿರಿ. ತುಸು ಗಟ್ಟಿಯಾದದ್ದೇ ಚೆನ್ನ ಎಂದು ಕಿವಿ ಬೇಗ ಮೋಸಹೋಗುತ್ತದೆ. ಆಮೇಲೆ ಯಾವುದು ಬೇಕೆಂದು ನೀವೇ ಹೇಳಿ. ಹಣ ಕೊಡುವವರು ನೀವು, ಹಾಡಿದವರೂ ನೀವು.

ಮೆಲ್ಲಗೆ ಹಾಡುವುದು ಅಳುಕಲ್ಲ, ಗಟ್ಟಿಯಾಗಿ ಹಾಡುವುದು ಉದ್ಧಟತನವಲ್ಲ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದು ಹಾಡುವವಳ ತೀರ್ಮಾನ. ಅದನ್ನು ತಿದ್ದುವ ಮೊದಲು ಅವಳನ್ನೊಂದು ಮಾತು ಕೇಳಬೇಕು.