ಪಠ್ಯಕ್ರಮ ಹೊಸದು, ಪುಸ್ತಕ ಹಳೆಯದು

ರಾಜ್ಯವು 2024ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ವ್ಯವಸ್ಥೆಗೆ ಮರಳಿದಾಗ ಪಠ್ಯಕ್ರಮಗಳು ಮತ್ತೊಮ್ಮೆ ಬದಲಾದವು. ಅವುಗಳ ಕೊನೆಗೆ ಅಂಟಿಸುವ ಆಕರ ಗ್ರಂಥಗಳ ಪಟ್ಟಿಯ ಬಗ್ಗೆ ಚರ್ಚೆಯೇ ನಡೆಯುವುದಿಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿಯ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಅದನ್ನೇ: ವೈಜ್ಞಾನಿಕ ಗಣನೆ ಕಲಿಯಲು ಯಾವ ಪುಸ್ತಕ ಕೊಳ್ಳಬೇಕು?

ಬೆಂಗಳೂರಿನ ವಿದ್ಯಾರ್ಥಿ ಅವೆನ್ಯೂ ರಸ್ತೆಯಲ್ಲಿ ಹತ್ತು ಪುಸ್ತಕ ತಿರುವಿ ನೋಡಿ ಒಂದನ್ನು ಕೊಳ್ಳಬಲ್ಲ. ರಬಕವಿ-ಬನಹಟ್ಟಿಯ ನೇಕಾರನ ಮಗಳಿಗೆ ಕೊಳ್ಳಲು ಸಾಧ್ಯವಿರುವುದೇ ಒಂದು. (ಮಗ್ಗದ ಜಕಾರ್ಡ್ ರಟ್ಟಿನ ರಂಧ್ರಗಳಿಂದಲೇ ಬ್ಯಾಬೇಜ್ ತನ್ನ ಗಣಕಯಂತ್ರಕ್ಕೆ ಕಾರ್ಡುಗಳ ಕಲ್ಪನೆ ಪಡೆದನೆಂಬುದು ಆಕೆಗೆ ಯಾವ ಗೈಡಿನಲ್ಲೂ ಸಿಗದು.)

ತಪ್ಪು ಪುಸ್ತಕದಿಂದಾಗುವ ನಷ್ಟ ಅಂಕಗಳದ್ದಷ್ಟೇ ಅಲ್ಲ. ಟರ್ಬೊ ಸಿ ಕಾಲದ ಪುಸ್ತಕಗಳಲ್ಲಿ ಪೂರ್ಣಾಂಕದ ಗರಿಷ್ಠ ಮಿತಿ 32,767. ಅದನ್ನು ನಂಬಿ ನದಿಯ ಹರಿವಿನ ಲೆಕ್ಕ ಬರೆದರೆ 70,000 ಕ್ಯೂಸೆಕ್ ಎಂಬುದು ಸದ್ದಿಲ್ಲದೆ 4,464 ಆಗಿಬಿಡುತ್ತದೆ; ಯಂತ್ರ ದೋಷವನ್ನೂ ತೋರಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮುಧೋಳ ತಾಲ್ಲೂಕಿನ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ಹಾಗೆಂದು ಹಳೆಯದೆಲ್ಲ ತ್ಯಾಜ್ಯವಲ್ಲ. 2025ರ ನವೆಂಬರ್‌ನಲ್ಲಿ ನಿಧನರಾದ ಪ್ರೊ. ವಿ. ರಾಜಾರಾಮನ್ ಅವರು ಸಂಖ್ಯಾತ್ಮಕ ವಿಧಾನಗಳ ಕುರಿತು 1971ರಲ್ಲಿ ಪ್ರಕಟಿಸಿದ ಪುಸ್ತಕದ ಗಣಿತ ಇಂದಿಗೂ ಗಟ್ಟಿ. ಗಣಿತ ಮುಪ್ಪಾಗುವುದಿಲ್ಲ, ಭಾಷೆ ಮುಪ್ಪಾಗುತ್ತದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ರಂದೇ ನಿಂತಿತು. ಅದನ್ನು ಕಲಿಸುವ ಪುಸ್ತಕ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ. ಆದ್ದರಿಂದ ಗಣಿತದ ಪುಸ್ತಕವನ್ನು ಗ್ರಂಥಾಲಯದಿಂದ ಪಡೆದು, ಇರುವ ಹಣದಲ್ಲಿ ಭಾಷೆಯ ಹೊಸ ಆವೃತ್ತಿಯನ್ನು ಕೊಳ್ಳಿ ಎನ್ನುತ್ತೇನೆ. ಕೊಳ್ಳುವ ಮುನ್ನ ಪರಿವಿಡಿಯಲ್ಲಿ ‘ದೋಷ’ದ ಅಧ್ಯಾಯ ಹುಡುಕಬೇಕು. 0.1 ಅನ್ನು ಹತ್ತು ಬಾರಿ ಒಂದೊಂದಾಗಿ ಕೂಡಿದರೆ ಗಣಕದಲ್ಲಿ ನಿಖರವಾಗಿ 1 ಏಕೆ ಬರುವುದಿಲ್ಲವೆಂದು ಹೇಳದ ಪುಸ್ತಕ ವೈಜ್ಞಾನಿಕ ಗಣನೆಯನ್ನು ಕಲಿಸಲಾರದು.

ಇಂಗ್ಲಿಷ್ ಇನ್ನೊಂದು ಗೋಡೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡ ಧ್ವನಿಯಲ್ಲೂ ಉಚಿತವಾಗಿವೆ. ನಮ್ಮ ಆಕರಪಟ್ಟಿಗಳು ಅವನ್ನು ಸೇರಿಸಿಕೊಳ್ಳಲು ಹಣವೇನೂ ಬೇಕಿಲ್ಲ. ವಿಶ್ವವಿದ್ಯಾಲಯಗಳು ಪ್ರತಿ ಗ್ರಂಥದ ಮುಂದೆ ಆವೃತ್ತಿಯ ವರ್ಷವನ್ನು ಕಡ್ಡಾಯವಾಗಿ ನಮೂದಿಸಲಿ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಒಂದೇ ಗೈಡಿನ ಇಪ್ಪತ್ತು ಪ್ರತಿ ತರಿಸುವ ಬದಲು ಬೇರೆ ಬೇರೆ ಪುಸ್ತಕ ಕೊಂಡು ಪರಸ್ಪರ ಎರವಲು ಕೊಡಲಿ. ಜಮಖಂಡಿಯಿಂದ ಮುಧೋಳಕ್ಕೆ ಬಸ್ಸುಗಳಿಗೇನೂ ಕೊರತೆಯಿಲ್ಲ.