ಬೀರುವಿನ ಕೀಲಿಕೈ ಯಾರ ಬಳಿ?

ಒಡವೆಯ ಆರೈಕೆಯನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಅಂಟುವಾಳದ ನೊರೆಯಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುತ್ತೇವೆ. ಮುತ್ತಿನ ಸರವನ್ನು ನೆನೆಸಬಾರದೆಂದೂ ಗೊತ್ತು. ಆದರೆ ಆ ಡಬ್ಬಿ ಇರುವ ಬೀರುವಿನ ಕೀಲಿಕೈ ಯಾರ ಬಳಿ ಇದೆ? "ಜೋಪಾನವಾಗಿರಲಿ" ಎಂದು ಅತ್ತೆ ತೆಗೆದಿಟ್ಟ ಬಳೆ, ಗಂಡನ ಸಾಲಕ್ಕೆ ಅಡವು ಹೋದ ಸರ ಎಷ್ಟು ಜನರ ಕೈಗೆ ಮರಳಿ ಬಂದಿವೆ? ಹೊಡೆತ ತಾಳದೆ ಹೊರಬಿದ್ದವಳು ಬರಿಗೈಲಿ ತವರು ಸೇರುತ್ತಾಳೆ.

ತವರಿನವರಾಗಲಿ, ಗಂಡನ ಮನೆಯವರಾಗಲಿ ಹೆಣ್ಣಿಗೆಂದು ಕೊಟ್ಟ ಒಡವೆ ಅವಳ ಸ್ತ್ರೀಧನ. ಅದು ಗಂಡನ ಬಳಿ ಇದ್ದರೂ ನಂಬಿಕೆಯ ಮೇಲೆ ಇಟ್ಟದ್ದು. ಕೊಡದೆ ನುಂಗಿದರೆ ನಂಬಿಕೆದ್ರೋಹದ ಅಪರಾಧ. ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೀಗೆ ಹೇಳಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ, ಹೆಣ್ಣು ಯಾವ ಧರ್ಮದವಳಾದರೂ, ಮ್ಯಾಜಿಸ್ಟ್ರೇಟರು ಸ್ತ್ರೀಧನವನ್ನು ವಾಪಸು ಕೊಡಿಸಬಹುದು.

ಆದರೆ ಕೋರ್ಟು ಪುರಾವೆ ಕೇಳುತ್ತದೆ. ಆದ್ದರಿಂದ ಪ್ರತಿ ಒಡವೆಯ ತೂಕ, ಕೊಟ್ಟವರ ಹೆಸರು ಬರೆದಿಡಿ. ಮದುವೆಯ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ರಸೀದಿ ನಿಮ್ಮ ಹೆಸರಿನಲ್ಲಿರಲಿ. ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಿದ್ದರೆ ಅದನ್ನೂ ಬರೆದುಕೊಳ್ಳಿ. ಫೋಟೋ ತೆಗೆಸಿ, ಎಲ್ಲದರ ಒಂದು ಪ್ರತಿಯನ್ನು ತವರಿನಲ್ಲೋ ಸಂಘದ ಗೆಳತಿಯ ಬಳಿಯೋ ಇಡಿ.

ಇದು ವರದಕ್ಷಿಣೆಗೆ ಒಪ್ಪಿಗೆಯಲ್ಲ. ಚಿನ್ನ ಕೇಳುವ ಸಂಬಂಧವೇ ನಮ್ಮ ಹೆಣ್ಣುಮಕ್ಕಳಿಗೆ ಬೇಡ. ಆದರೆ ಈಗಾಗಲೇ ಕೊಟ್ಟದ್ದು ಅವಳ ಕೈಯಲ್ಲೇ ಉಳಿಯಲಿ. ಉಳಿತಾಯದ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ನಾವು ಅಕ್ಕತಂಗಿಯರು, ಮುಂದಿನ ಸಭೆಗೆ ಒಡವೆಯ ಲೆಕ್ಕವನ್ನೂ ಬರೆದು ತರೋಣ.