ಕನ್ನಡ ವ್ಯಾಕರಣ ಬಂದರೆ ಸ್ಪ್ಯಾನಿಷ್‌ಗೆ ಹೆದರಬೇಕೆ?



ಧಾತು, ಆಖ್ಯಾತ ಪ್ರತ್ಯಯ ಎಂದ ಕೂಡಲೇ ನಮ್ಮ ತರಗತಿಯಲ್ಲಿ ಎಲ್ಲರ ಮುಖ ಸಪ್ಪೆಯಾಗುತ್ತದೆ. "ಇದನ್ನ ಕಲ್ತು ಏನ್ ಮಾಡೋದು?" ಅಂತ ನಾನೂ ಕೇಳಿದವಳೇ. ಆದರೆ ಈ ಬೇಸಿಗೆ ರಜೆಯಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಯುವ ನಮ್ಮ ದೊಡ್ಡಪ್ಪನ ಮಗಳು ನನಗೆ ಅದರ ಮೊದಲ ಪಾಠಗಳನ್ನು ಹೇಳಿಕೊಟ್ಟಳು.

ಸ್ಪ್ಯಾನಿಷ್ ಹುಟ್ಟಿದ್ದು ಸ್ಪೇನ್ ದೇಶದಲ್ಲಿ. ಈಗ ಮೆಕ್ಸಿಕೊ, ಅರ್ಜೆಂಟೀನಾ ಸೇರಿ ಸುಮಾರು 20 ದೇಶಗಳಲ್ಲಿ ಅದು ಆಡಳಿತ ಭಾಷೆ. 2022ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಮೆಸ್ಸಿಯ ಮನೆಮಾತೂ ಅದೇ.

ಆ ಭಾಷೆಯಲ್ಲಿ 'ಆಬ್ಲಾರ್' ಎಂದರೆ ಮಾತಾಡುವುದು. ಕೊನೆಯ 'ಆರ್' ತೆಗೆದರೆ ಉಳಿಯುವುದು ನಮ್ಮ ಧಾತುವಿನ ಹಾಗೆ. ಅದಕ್ಕೆ ಪ್ರತ್ಯಯ ಹಚ್ಚಿದರೆ ವರ್ತಮಾನ ಕಾಲ ಸಿದ್ಧ:

ಆಬ್ಲೊ – ಮಾತಾಡುತ್ತೇನೆ
ಆಬ್ಲಾಸ್ – ಮಾತಾಡುತ್ತೀಯೆ
ಆಬ್ಲಾ – ಮಾತಾಡುತ್ತಾನೆ, ಮಾತಾಡುತ್ತಾಳೆ
ಆಬ್ಲಾಮೊಸ್ – ಮಾತಾಡುತ್ತೇವೆ
ಆಬ್ಲಾನ್ – ಮಾತಾಡುತ್ತಾರೆ

ನೋಡಿ, 'ಮಾತಾಡುತ್ತೇನೆ' ಅಂದರೆ ಸಾಕು, 'ನಾನು' ಅನ್ನದಿದ್ದರೂ ತಿಳಿಯುತ್ತದೆ. 'ಆಬ್ಲೊ' ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ನಾನು, ನೀನು, ಅವರು ಎಲ್ಲರಿಗೂ 'ಸ್ಪೀಕ್' ಒಂದೇ, ಅದಕ್ಕೇ ಅಲ್ಲಿ 'ಐ' ಬಿಡುವಂತಿಲ್ಲ. ನಮ್ಮ ಹಾಗೆ ನೀನು–ನೀವು ಭೇದವೂ ಸ್ಪ್ಯಾನಿಷ್‌ನಲ್ಲಿದೆ. ಗೆಳತಿಗೆ 'ತು', ಗೌರವಕ್ಕೆ 'ಉಸ್ತೆದ್'.

ಇನ್ನು ಉಚ್ಚಾರಣೆ. ಹೋದ ವರ್ಷ ನಾನು ಇಂಗ್ಲಿಷಿನ 'ನೈಫ್' ಅನ್ನು 'ಕ್ನೈಫ್' ಎಂದು ಓದಿದೆ. ಎಲ್ಲರೂ ನಕ್ಕರು. ಅವತ್ತಿನಿಂದ ಪಾಠ ಓದಲು ನಾನು ಕೈ ಎತ್ತಿಲ್ಲ. ಸ್ಪ್ಯಾನಿಷ್‌ನಲ್ಲಿ ಕೆಲವು ನಿಯಮ ಕಲಿತರೆ ಹೊಸ ಪದವನ್ನೂ ನೋಡಿಕೊಂಡು ಓದಬಹುದು. ಪದದ ಮೊದಲಿನ 'ಎಚ್' ಅಕ್ಷರಕ್ಕೆ ಶಬ್ದವೇ ಇಲ್ಲ. 'ಜೆ' ಅಕ್ಷರವನ್ನು ಗಂಟಲಿನಿಂದ 'ಹ' ಎಂದ ಹಾಗೆ ಹೇಳಬೇಕು. 'ಟ' ಅಲ್ಲ, ನಮ್ಮ 'ತ'ವೇ ಬೇಕು. 'ಪೆರೊ' ಅಂದರೆ 'ಆದರೆ', 'ಪೆರ್ರೊ' ಅಂದರೆ ನಾಯಿ! ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ನಮಗೆ ಇದೇನು ಕಷ್ಟ?

ಎಲ್ಲವೂ ಸುಲಭ ಎಂದು ನಾನು ಹೇಳುವುದಿಲ್ಲ. ಹೋಗುವುದಕ್ಕೆ 'ಇರ್' ಅನ್ನುತ್ತಾರೆ, ಆದರೆ ಹೋಗುತ್ತೇನೆ ಎನ್ನಲು 'ಬೊಯ್'. ಇದನ್ನು ಬಾಯಿಪಾಠವೇ ಮಾಡಬೇಕು. ಆದರೆ ನಾವೂ 'ಬಾ' ಅನ್ನುತ್ತೇವೆ, 'ಬಾರುತ್ತೇನೆ' ಅನ್ನುವುದಿಲ್ಲ, 'ಬರುತ್ತೇನೆ' ಅನ್ನುತ್ತೇವೆ. ನಮ್ಮ ಭಾಷೆ ಕಲಿಯುವವರಿಗೂ ಇಂಥ ಕಷ್ಟ ಇದ್ದೇ ಇರುತ್ತದೆ ಅಲ್ಲವೇ?

"ಕನ್ನಡ ಮೀಡಿಯಂ ಮಕ್ಕಳಿಗೆ ಬೇರೆ ಭಾಷೆ ಬರಲ್ಲ" ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕನ್ನಡ ವ್ಯಾಕರಣ ಬೇರೆ ಭಾಷೆಯ ಬಾಗಿಲು ತೆರೆಯುವ ಬೀಗದ ಕೈ. ಗುರುಗಳಲ್ಲಿ ನನ್ನದೊಂದು ವಿನಂತಿ: ವ್ಯಾಕರಣ ಹೇಳಿಕೊಡುವಾಗ ಹೀಗೆ ಬೇರೆ ಭಾಷೆಯ ಜೊತೆ ಹೋಲಿಸಿ ತೋರಿಸಿ. ಗೆಳೆಯರಲ್ಲಿ ಇನ್ನೊಂದು: ನಾಳೆ ಇಂಗ್ಲಿಷ್ ಪಾಠ ಓದಲು ನಾನು ಕೈ ಎತ್ತುತ್ತೇನೆ. ತಪ್ಪಾದರೆ ತಿದ್ದಿ, ನಗಬೇಡಿ. ನಕ್ಕರೆ ಮುಂದಿನ ಸಲ ಕೈ ಎತ್ತಲು ಧೈರ್ಯ ಬರಲ್ಲ.

ನಿಮಗೇನು ಅನ್ನಿಸುತ್ತದೆ? ಮುಂದಿನ ಸಂಚಿಕೆಗೆ ಬರೆದು ಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ